ನಾಲ್ಕನೇ ಆಯಾಮವನ್ನು ಲ್ಯಾಬಿನಲ್ಲಿ ನಿಜಕ್ಕೂ ನೋಡಿದ್ದಾರಾ? ತಣ್ಣನೆಯ ಪರಮಾಣುಗಳ ಬಗ್ಗೆ ಒಂದು ಚರ್ಚೆ

ತುಂಗಾತೀರ · ಶನಿವಾರ, ರಾತ್ರಿ 9.10

ಕಳೆದ ವಾರ ಪಿಯು ಕ್ಲಾಸಿನಲ್ಲಿ ಒಬ್ಬ ಹುಡುಗಿ ಎದ್ದು ಕೇಳಿದಳು. "ಸರ್, ನಾಲ್ಕನೇ ಆಯಾಮ ಅಂದ್ರೆ ಕಾಲ ತಾನೆ? ಮತ್ತೆ ನಾಲ್ಕು ಆಯಾಮದ ಕ್ವಾಂಟಮ್ ಹಾಲ್ ಪರಿಣಾಮವನ್ನ ಲ್ಯಾಬಿನಲ್ಲಿ ನೋಡಿದ್ದಾರೆ ಅಂತ ಓದಿದೆ. ಅದು ಹೇಗೆ?" ಅಷ್ಟರಲ್ಲಿ ಬೆಲ್ ಆಯಿತು. ನಾನು ಕೊಟ್ಟಿದ್ದು ಅರ್ಧ ಉತ್ತರ. ಸೋಮವಾರ ಪೂರ್ತಿ ಹೇಳುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ನಾಲ್ಕು ದಿನ ಕೂತು ಓದಿದ್ದನ್ನು ಇಲ್ಲಿ ಇಡುತ್ತೇನೆ. ತಪ್ಪಿದ್ದರೆ ದಯವಿಟ್ಟು ತಿದ್ದಿ.

ಮೊದಲಿಗೆ, ಇಲ್ಲಿ ನಾಲ್ಕನೆಯದು ಕಾಲ ಅಲ್ಲ. ಹಿಂದಕ್ಕೂ ಮುಂದಕ್ಕೂ ಹೋಗಿ ಬರಬಹುದಾದ ನಾಲ್ಕನೇ ದಿಕ್ಕಿನ ಮಾತು ಇದು. ಕಾಲ ಅದರ ಮೇಲೆ ಬೇರೆಯೇ ಇದೆ.

ಕತೆ 1879ರಿಂದ ಶುರುವಾಗುತ್ತದೆ. ಅಮೆರಿಕದ ಎಡ್ವಿನ್ ಹಾಲ್ ತೆಳ್ಳನೆಯ ಚಿನ್ನದ ರೇಕಿನಲ್ಲಿ ಕರೆಂಟ್ ಹರಿಸಿ, ಅದಕ್ಕೆ ಲಂಬವಾಗಿ ಕಾಂತಕ್ಷೇತ್ರ ಕೊಟ್ಟರು. ಪಕ್ಕದ ದಿಕ್ಕಿನಲ್ಲಿ ವೋಲ್ಟೇಜ್ ಕಾಣಿಸಿತು. ಇದೇ ಹಾಲ್ ಪರಿಣಾಮ. ನೂರು ವರ್ಷ ಕಳೆದು, 1980ರಲ್ಲಿ, ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಕ್ಲಾಸ್ ಫಾನ್ ಕ್ಲಿಟ್ಜಿಂಗ್ ಅದೇ ಅಳತೆಯನ್ನು ಭಾರೀ ಕಾಂತಕ್ಷೇತ್ರದಲ್ಲಿ, ದ್ರವ ಹೀಲಿಯಮ್‌ನ ಚಳಿಯಲ್ಲಿ ಮಾಡಿದರು. ಈ ಸಲ ರೋಧ ನಯವಾಗಿ ಏರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರಿತು. ಇದೇ ಕ್ವಾಂಟಮ್ ಹಾಲ್ ಪರಿಣಾಮ. ಒಂದೊಂದು ಮೆಟ್ಟಿಲೂ 25,812.8 ಓಮ್ ಅನ್ನು ಒಂದು ಪೂರ್ಣಾಂಕದಿಂದ ಭಾಗಿಸಿದಷ್ಟು. ಸಿಲಿಕಾನ್ ತುಂಡಿನಲ್ಲಿ ಕೊಳೆ ಇರಲಿ, ಅಂಚು ಸೊಟ್ಟ ಇರಲಿ, ಸಂಖ್ಯೆ ಅದೇ.

ಯಾಕೆ ಹೀಗೆ ಅನ್ನೋದನ್ನು 1982ರಲ್ಲಿ ಡೇವಿಡ್ ಥೌಲೆಸ್ ಮತ್ತು ಮೂವರು ಸಂಗಡಿಗರು ತೋರಿಸಿದರು. ಗೂಟಕ್ಕೆ ಸುತ್ತಿಕೊಂಡ ಹಸುವಿನ ಹಗ್ಗವನ್ನು ನೋಡಿ. ಬಿಗಿ ಇರಲಿ, ಸಡಿಲ ಇರಲಿ, ಎಷ್ಟು ಸುತ್ತು ಅನ್ನೋದು ಬದಲಾಗದು. ಹಗ್ಗ ಕಡಿಯಬೇಕು ಇಲ್ಲವೇ ಬಿಚ್ಚಬೇಕು. ಎಲೆಕ್ಟ್ರಾನಿನ ಅಲೆಯಲ್ಲೂ ಇಂಥದೇ ಒಂದು ಸುತ್ತಿನ ಲೆಕ್ಕ ಇದೆ. ಅದಕ್ಕೆ ಚೆರ್ನ್ ಸಂಖ್ಯೆ ಅನ್ನುತ್ತಾರೆ. ಹಾಲ್ ರೋಧದ ಪೂರ್ಣಾಂಕ ಅದೇ.

ಇದೆಲ್ಲ ಎರಡು ಆಯಾಮದ್ದು. 2001ರಲ್ಲಿ ಸ್ಟಾನ್‌ಫರ್ಡ್‌ನ ಶೋ-ಚೆಂಗ್ ಜಾಂಗ್ ಮತ್ತು ಜಿಯಾಂಗ್‌ಪಿಂಗ್ ಹು ಇದನ್ನು ನಾಲ್ಕು ಆಯಾಮಕ್ಕೆ ಬೆಳೆಸಿದರು. ಅಲ್ಲಿ ಇನ್ನೊಂದು ಪೂರ್ಣಾಂಕ ಬರುತ್ತದೆ, ಎರಡನೇ ಚೆರ್ನ್ ಸಂಖ್ಯೆ. ಲೆಕ್ಕ ಚೆಂದ. ಆದರೆ ನಾಲ್ಕು ಆಯಾಮದ ಸಿಲಿಕಾನ್ ತುಂಡನ್ನು ಎಲ್ಲಿಂದ ತರೋದು? ಆ ಜಾಗಕ್ಕೆ ಬಂದವು ತಣ್ಣನೆಯ ಪರಮಾಣುಗಳು. 2018ರಲ್ಲಿ ಮ್ಯೂನಿಕ್‌ನಲ್ಲಿ ಒಂದು ಪ್ರಯೋಗ, 2024ರಲ್ಲಿ ಪ್ಯಾರಿಸ್‌ನಲ್ಲಿ ಇನ್ನೊಂದು. ಎರಡರ ಬಗ್ಗೆಯೂ ಮಾತಾಡೋಣ.

ಹಳೇಮೇಷ್ಟ್ರು · ಶನಿವಾರ, ರಾತ್ರಿ 9.48

ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೆ ಒಂದು ತಕರಾರಿದೆ. ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವನು ನಾನು. ಹೊಸ ಆಯಾಮ ಅಂದರೆ ಇರುವ ಮೂರು ರೇಖೆಗಳಿಗೂ ಲಂಬವಾಗಿ ಇನ್ನೊಂದು ರೇಖೆ. ಅದನ್ನು ಇವರು ಎಲ್ಲಿ ಎಳೆದರು? ಸಂತೆಯ ಈರುಳ್ಳಿಗೆ ಉದ್ದ, ಅಗಲ, ಎತ್ತರ, ಬೆಲೆ ಅಂತ ನಾಲ್ಕು ಸಂಖ್ಯೆ ಬರೆಯಬಹುದು. ಹಾಗಂತ ಈರುಳ್ಳಿಗೆ ನಾಲ್ಕು ಆಯಾಮ ಅನ್ನುತ್ತೇವಾ? ಒಂದು ಸಂಖ್ಯೆ ಜಾಸ್ತಿ ಸೇರಿಸಿ ಅದಕ್ಕೆ ಆಯಾಮ ಅಂತ ಹೆಸರಿಟ್ಟರೆ ಮಕ್ಕಳು ದಾರಿ ತಪ್ಪುತ್ತಾರೆ. ಇದನ್ನು ಸೋಮವಾರಕ್ಕೆ ಮುಂಚೆ ತೀರ್ಮಾನ ಮಾಡಿಕೊಳ್ಳಿ.

ತುಂಗಾತೀರ · ಶನಿವಾರ, ರಾತ್ರಿ 10.05

ಮೇಷ್ಟ್ರೇ, ನನ್ನನ್ನೂ ಎರಡು ದಿನ ಕಾಡಿದ್ದು ಇದೇ ಪ್ರಶ್ನೆ. ಅಳಗುಳಿಮಣೆಯಿಂದ ಉತ್ತರ ಹೇಳುತ್ತೇನೆ. ಕಾಯಿ ಒಂದು ಗುಳಿಯಿಂದ ಪಕ್ಕದ ಗುಳಿಗೆ ಮಾತ್ರ ಹೋಗಬೇಕು. ಒಂದನ್ನು ಬಿಟ್ಟು ಮೂರನೆಯದಕ್ಕೆ ಹಾರುವ ಹಾಗಿಲ್ಲ. ಮಣೆ ಬಿಚ್ಚಿಟ್ಟರೂ, ಮಡಚಿಟ್ಟರೂ, ಗುಳಿಗಳನ್ನು ನೆಲದಲ್ಲಿ ತೋಡಿದರೂ ಆಟದ ದಾರಿ ಅದೇ. ದಾರಿಯನ್ನು ಮಾಡುವುದು ಮರದ ಆಕಾರ ಅಲ್ಲ, ಯಾವುದರ ಪಕ್ಕ ಯಾವುದು ಅನ್ನುವ ನಿಯಮ.

ಈರುಳ್ಳಿಯ ಬೆಲೆಗೆ ಆ ನಿಯಮ ಇಲ್ಲ. ಇಪ್ಪತ್ತರಿಂದ ಅರವತ್ತಕ್ಕೆ ಒಂದೇ ಬೆಳಗ್ಗೆ ಹಾರುತ್ತದೆ. ಬೆಲೆ ಏರಿದ್ದಕ್ಕೂ ಈರುಳ್ಳಿ ಎಲ್ಲಿದೆ ಅನ್ನೋದಕ್ಕೂ ನಂಟಿಲ್ಲ. ಪರಮಾಣುವಿನ ಒಳಗೆ ನಿಯಮ ಇರುವ ಮೆಟ್ಟಿಲುಗಳಿವೆ. ಅಲ್ಲಿಂದ ಮುಂದಕ್ಕೆ ಲ್ಯಾಬಿನಲ್ಲಿ ಕೆಲಸ ಮಾಡುವವರು ಯಾರಾದರೂ ಹೇಳಿದರೆ ಒಳ್ಳೆಯದು.

ಲೇಸರ್‌ಲ್ಯಾಬ್ · ಭಾನುವಾರ, ನಸುಕು 1.22

ನಮಸ್ಕಾರ. ನಾನು ಯುರೋಪಿನಲ್ಲಿ ತಣ್ಣನೆಯ ಪರಮಾಣುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಊರು ಹಾಸನದ ಹತ್ತಿರ. ಕನ್ನಡದಲ್ಲಿ ಈ ಚರ್ಚೆ ನೋಡಿ ನಿದ್ದೆ ಬಿಟ್ಟು ಬರೆಯುತ್ತಿದ್ದೇನೆ.

ಮೊದಲು ತಣ್ಣನೆಯ ಪರಮಾಣು ಅಂದರೆ ಏನು ಹೇಳುತ್ತೇನೆ. ಗಾಳಿ ತೆಗೆದ ಗಾಜಿನ ಗೂಡಿನಲ್ಲಿ ಲೋಹದ ಆವಿ. ಸುತ್ತಲಿಂದ ಲೇಸರ್ ಬಿಟ್ಟು ಪರಮಾಣುಗಳ ಓಟವನ್ನು ತಡೆಯುತ್ತೇವೆ. ಆಮೇಲೆ ಬಿಸಿಯಾದವುಗಳನ್ನು ಹೊರಗೆ ಹೋಗಲು ಬಿಡುತ್ತೇವೆ, ಬಿಸಿ ಕಾಫಿ ಆವಿ ಬಿಟ್ಟು ಆರುವ ಹಾಗೆ. ಕೊನೆಗೆ ಉಳಿಯುವ ಮೋಡ ಒಂದು ಕೆಲ್ವಿನ್‌ನ ಕೋಟಿಯಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಆ ಚಳಿಯಲ್ಲಿ ಪರಮಾಣು ಅಲೆಯಂತೆ ನಡೆದುಕೊಳ್ಳುತ್ತದೆ. ನಮ್ಮ ಲ್ಯಾಬಿನಲ್ಲಿ ರುಬಿಡಿಯಮ್, 780 ನ್ಯಾನೋಮೀಟರ್ ಬೆಳಕು. ಕಣ್ಣಿಗೆ ಅದು ಮಂಕು ಕೆಂಪಾಗಿ ಕಂಡರೆ ಕಂಡೀತು. ಕ್ಯಾಮೆರಾದಲ್ಲಿ ಮಾತ್ರ ಮೋಡ ಚೆನ್ನಾಗಿ ಕಾಣುತ್ತದೆ. ಮೊದಲ ಸಲ ನೋಡಿದಾಗ ನನಗೆ ಅಳು ಬಂದಿತ್ತು.

ಈಗ ಮೇಷ್ಟ್ರ ಪ್ರಶ್ನೆ. ಡಿಸ್ಪ್ರೋಸಿಯಮ್ ಅಂತ ಒಂದು ಲೋಹ ಇದೆ. ಅತಿ ಹೆಚ್ಚು ಕಾಂತಗುಣ ಇರುವ ಪರಮಾಣುಗಳಲ್ಲಿ ಅದೂ ಒಂದು. ಅದರ ಸ್ಪಿನ್, ಅಂದರೆ ಪರಮಾಣುವಿನ ಒಳಗಿನ ತಿರುಗುವಿಕೆಯ ಅಳತೆ, 8. ಅಂದರೆ ಕಾಂತಕ್ಷೇತ್ರದಲ್ಲಿ ಅದಕ್ಕೆ ಕಳೆ 8ರಿಂದ ಕೂಡು 8ರ ತನಕ ಒಟ್ಟು 17 ಮೆಟ್ಟಿಲು. ಎರಡು ಲೇಸರ್ ಕಿರಣ ಸೇರಿ ಪರಮಾಣುವನ್ನು ಒಂದು ಮೆಟ್ಟಿಲಿಂದ ಪಕ್ಕದ ಮೆಟ್ಟಿಲಿಗೆ ಸರಿಸುತ್ತವೆ. ಒಂದು ಕಿರಣದಿಂದ ಬೆಳಕಿನ ಒಂದು ಕಣವನ್ನು ನುಂಗಿ, ಇನ್ನೊಂದು ಕಿರಣಕ್ಕೆ ಒಂದನ್ನು ಬಿಡುತ್ತದೆ. ತುಂಗಾತೀರ ಸರ್ ಹೇಳಿದ ಅಳಗುಳಿಮಣೆಯ ನಿಯಮ ಇದೇ. ಈ ಸಾಲಿಗೆ ಕೃತಕ ಆಯಾಮ ಅನ್ನುತ್ತೇವೆ. 2012ರಲ್ಲಿ ಬಾರ್ಸಿಲೋನಾದ ಸಿದ್ಧಾಂತಿಗಳು ಈ ದಾರಿ ತೋರಿಸಿದರು.

ಇನ್ನೂ ಒಂದು ಮುಖ್ಯ ವಿಷಯ. ಪರಮಾಣುವಿಗೆ ವಿದ್ಯುದಂಶ ಇಲ್ಲ, ಅದಕ್ಕೆ ಕಾಂತಕ್ಷೇತ್ರ ಅದರ ದಾರಿಯನ್ನು ಎಲೆಕ್ಟ್ರಾನಿನ ದಾರಿಯಂತೆ ಬಾಗಿಸುವುದಿಲ್ಲ. ಹಾಗಾದರೆ ಹಾಲ್ ಪರಿಣಾಮ ಹೇಗೆ? ಲೇಸರ್ ಮೆಟ್ಟಿಲು ಹತ್ತಿಸುವಾಗ ಪರಮಾಣುವಿನ ಅಲೆಗೆ ಒಂದು ತಿರುವು ಕೊಡುತ್ತದೆ. ಆ ತಿರುವು ಪರಮಾಣು ಎಲ್ಲಿ ನಿಂತಿದೆ ಅನ್ನೋದರ ಮೇಲೆ ನಿಂತಿದೆ. ಇಲ್ಲಿ ಮೆಟ್ಟಿಲು ಹತ್ತಿ, ಒಂದು ಹೆಜ್ಜೆ ಬಲಕ್ಕೆ ಹೋಗಿ, ಅಲ್ಲಿ ಇಳಿದು, ಎಡಕ್ಕೆ ಬಂದು ಹೊರಟ ಜಾಗ ಸೇರಿದರೆ ಅಲೆಯಲ್ಲಿ ಒಂದಷ್ಟು ತಿರುವು ಉಳಿದಿರುತ್ತದೆ. ಕಾಂತಕ್ಷೇತ್ರದಲ್ಲಿ ಸುತ್ತು ಹಾಕಿದ ಎಲೆಕ್ಟ್ರಾನಿನಲ್ಲೂ ಉಳಿಯುವುದು ಇದೇ. ಪರಮಾಣುವಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಇದೇ ತಿರುವನ್ನು ಸಾಮಾನ್ಯ ಹರಳಿನ ಎಲೆಕ್ಟ್ರಾನಿಗೆ ಕೊಡಬೇಕು ಅಂದರೆ ಹತ್ತು ಸಾವಿರ ಟೆಸ್ಲಾಕ್ಕಿಂತ ಜಾಸ್ತಿ ಕಾಂತಕ್ಷೇತ್ರ ಬೇಕು. ಭೂಮಿಯ ಮೇಲೆ ಯಾರೂ ಅಷ್ಟನ್ನು ಹಿಡಿದಿಟ್ಟುಕೊಳ್ಳಲಾರರು.

ಹಳೇಮೇಷ್ಟ್ರು · ಭಾನುವಾರ, ಬೆಳಗ್ಗೆ 6.15

ಮಗೂ, ಬೆಳಗ್ಗೆ ಎದ್ದು ನಿನ್ನ ಬರಹ ಎರಡು ಸಲ ಓದಿದೆ. ಬೆಲೆಗೂ ಮೆಟ್ಟಿಲಿಗೂ ಇರುವ ವ್ಯತ್ಯಾಸ ಒಪ್ಪಿದೆ. ಮೆಟ್ಟಿಲು ಹತ್ತುವುದಕ್ಕೂ ಬಲಕ್ಕೆ ಹೋಗುವುದಕ್ಕೂ ಅಲೆಯ ಮೂಲಕ ಗಂಟು ಬಿದ್ದಿದೆ. ಅದು ನನಗೆ ಹೊಸದು. ಆದರೆ ತಕರಾರು ಇನ್ನೂ ಪೂರ್ತಿ ಹೋಗಿಲ್ಲ. ಮ್ಯೂನಿಕ್‌ನ ಪ್ರಯೋಗವೂ ಇದೇ ಬಗೆಯದಾ?

ಲೇಸರ್‌ಲ್ಯಾಬ್ · ಭಾನುವಾರ, ಬೆಳಗ್ಗೆ 10.30

ಅಲ್ಲ ಮೇಷ್ಟ್ರೇ, ಅದು ಬೇರೆ. ಅದರಲ್ಲಿ ಪಂಪ್ ಇದೆ. 1983ರಲ್ಲಿ ಥೌಲೆಸ್ ಅವರೇ ಹೇಳಿದ್ದು. ಒಂದು ಸಾಲಿನ ಜಾಲರಿಯನ್ನು, ಅಂದರೆ ಕಣಗಳು ಕೂರುವ ಮನೆಗಳ ಸಾಲನ್ನು, ನಿಧಾನವಾಗಿ ಬದಲಾಯಿಸುತ್ತಾ ಮತ್ತೆ ಮೊದಲಿನ ಸ್ಥಿತಿಗೆ ತಂದರೆ, ಒಂದು ಸುತ್ತಿಗೆ ಕಣಗಳು ಸರಿಯಾಗಿ ಒಂದು ಪೂರ್ಣಾಂಕದಷ್ಟು ಮನೆ ಮುಂದೆ ಹೋಗುತ್ತವೆ. ಅರ್ಧ ಮನೆ ಇಲ್ಲ, ಮುಕ್ಕಾಲು ಇಲ್ಲ.

ಅಡಿಕೆತೋಟ · ಭಾನುವಾರ, ಬೆಳಗ್ಗೆ 11.02

ನಾನು ಓದಿದ್ದು ಬಿಕಾಂ. ಪಂಪ್ ಅಂದಿದ್ದಕ್ಕೆ ಮಾತ್ರ ಕೇಳುತ್ತೇನೆ. ತೋಟದ ಪಂಪಿನಲ್ಲಿ ಒತ್ತಡ ಇರುತ್ತದೆ, ಅದಕ್ಕೇ ನೀರು ಹೋಗುತ್ತದೆ. ಇಲ್ಲಿ ತಳ್ಳುವುದು ಯಾವುದು? ಮತ್ತೆ ಪಂಪಿಗೂ ಆಯಾಮಕ್ಕೂ ಏನು ಸಂಬಂಧ?

ಲೇಸರ್‌ಲ್ಯಾಬ್ · ಭಾನುವಾರ, ಬೆಳಗ್ಗೆ 11.40

ಅಣ್ಣಾ, ಮೋಟರ್ ಪಂಪ್ ಬಿಡಿ. ಕೊಳವೆಯೊಳಗೆ ತಿರುಪು ಇರುವ ಹಳೇ ನೀರೆತ್ತುವ ಯಂತ್ರ ನೆನಪು ಮಾಡಿಕೊಳ್ಳಿ, ಆರ್ಕಿಮಿಡೀಸ್ ಹೆಸರಿನದು. ತಿರುಪನ್ನು ಒಂದು ಸುತ್ತು ತಿರುಗಿಸಿದರೆ ನೀರು ಒಂದು ಹಲ್ಲಿನಷ್ಟು ಮೇಲೇರುತ್ತದೆ. ಜೋರಾಗಿ ಒತ್ತುವುದು ಯಾವುದೂ ಇಲ್ಲ. ತಿರುಪು ಮೊದಲಿನ ಹಾಗೇ ಕಾಣುತ್ತದೆ, ನೀರು ಮಾತ್ರ ಜಾಗ ಬದಲಿಸಿದೆ.

ಮ್ಯೂನಿಕ್‌ನಲ್ಲಿ ಇಮ್ಯಾನ್ಯುಯೆಲ್ ಬ್ಲಾಖ್ ಅವರ ಗುಂಪು ರುಬಿಡಿಯಮ್ ಪರಮಾಣುಗಳನ್ನು ಬೆಳಕಿನ ಜಾಲರಿಯಲ್ಲಿ ಕೂರಿಸಿತು. ಎದುರು ಬದುರು ಲೇಸರ್ ಬಿಟ್ಟಾಗ ಬೆಳಕು ನಿಂತ ಅಲೆಯಾಗುತ್ತದೆ, ಮೊಟ್ಟೆ ಟ್ರೇಯ ಗುಳಿಗಳಂತೆ. ಒಂದೇ ದಿಕ್ಕಿನಲ್ಲಿ ಎರಡು ಜಾಲರಿ. ಒಂದರ ತರಂಗದುದ್ದ ಇನ್ನೊಂದರ ಎರಡರಷ್ಟು. ದೊಡ್ಡ ಜಾಲರಿಯನ್ನು ನಿಧಾನವಾಗಿ ಸರಿಸಿದರೆ ಪಂಪ್ ನಡೆಯುತ್ತದೆ. ನೀವು "ಜಾಲರಿ ಸರಿಸಿದರೆ ಪರಮಾಣು ಜೊತೆಗೆ ಹೋಗುತ್ತದೆ, ಅದರಲ್ಲೇನಿದೆ" ಅನ್ನಬಹುದು. 2016ರಲ್ಲಿ ಇದೇ ಗುಂಪು ತೋರಿಸಿದ್ದು ಕೇಳಿ. ಪರಮಾಣುಗಳನ್ನು ಒಂದು ಶಕ್ತಿಪಟ್ಟಿ (ಜಾಲರಿಯಲ್ಲಿ ಪರಮಾಣು ಹೊಂದಬಹುದಾದ ಶಕ್ತಿಗಳ ಒಂದು ಗುಂಪು) ಮೇಲಕ್ಕೆ ಏರಿಸಿ ಅದೇ ಜಾಲರಿಯನ್ನು ಅದೇ ಕಡೆಗೆ ಸರಿಸಿದರು. ಪರಮಾಣುಗಳು ವಿರುದ್ಧ ದಿಕ್ಕಿಗೆ ಹೋದವು! ತಿರುಪಿನ ಯಂತ್ರದಲ್ಲಿ ಹೀಗೆ ಆಗಲಾರದು. ಅಲ್ಲಿಗೆ ನನ್ನ ಹೋಲಿಕೆಯೂ ಮುಗಿಯಿತು.

ಆಯಾಮದ ಸಂಬಂಧ ಹೀಗೆ. ಈ ಪಂಪಿನ ಲೆಕ್ಕ ಬರೆದರೆ ಎರಡು ಆಯಾಮದ ಹಾಲ್ ಪರಿಣಾಮದ ಲೆಕ್ಕವೇ ಬರುತ್ತದೆ, ಅಕ್ಷರಕ್ಕೆ ಅಕ್ಷರ. ಇಲ್ಲದಿರುವ ಎರಡನೇ ದಿಕ್ಕಿನ ಜಾಗದಲ್ಲಿ ಪಂಪ್ ಎಷ್ಟು ತಿರುಗಿದೆ ಅನ್ನುವ ಕೋನ ಕೂತಿರುತ್ತದೆ. ಒಂದು ಪಂಪ್ ಎರಡು ಆಯಾಮಕ್ಕೆ ಸಮ. ಎರಡು ಪಂಪ್ ಅಡ್ಡ ಉದ್ದ ಇಟ್ಟರೆ ನಾಲ್ಕಕ್ಕೆ.

ಚುಕ್ಕಿರಂಗೋಲಿ · ಭಾನುವಾರ, ಮಧ್ಯಾಹ್ನ 2.15

ಎರಡು ಪಂಪ್ ಸುಮ್ನೆ ಅಡ್ಡ ಉದ್ದ ಇಟ್ಟರೆ ಎರಡು ಬೇರೆ ಬೇರೆ ಪಂಪ್ ಆಯಿತು ಅಷ್ಟೇ ಅಲ್ವಾ? ಒಂದಕ್ಕೊಂದು ಸಂಬಂಧ ಇರಬೇಕಲ್ಲ.

ನಾನು ಈಗ ತಾನೇ ಸೊಳ್ಳೆಪರದೆ ಒಗೆದು ಹಾಕುತ್ತಿದ್ದೆ. ಎರಡು ಪರದೆ ಒಂದರ ಮೇಲೊಂದು ಬಿದ್ದಾಗ ಅಲೆ ಅಲೆಯಾಗಿ ಗೆರೆ ಕಾಣುತ್ತದೆ ನೋಡಿ. ಒಂದನ್ನು ಕೂದಲೆಳೆಯಷ್ಟು ಓರೆ ಮಾಡಿದರೆ ಆ ಗೆರೆಗಳು ಎಲ್ಲೋ ದೂರ ಓಡುತ್ತವೆ. ನೀವು ಹೇಳುವ ಎರಡು ಜಾಲರಿಯಲ್ಲೂ ಹಾಗೇನಾದರೂ ಮಾಡುತ್ತಾರಾ?

ಲೇಸರ್‌ಲ್ಯಾಬ್ · ಭಾನುವಾರ, ಮಧ್ಯಾಹ್ನ 3.05

ಅಕ್ಕಾ, ಆ ಪ್ರಯೋಗದ ಗುಟ್ಟೇ ಅದು! ಹೇಗೆ ಹೊಳೆಯಿತು ನಿಮಗೆ? ಎರಡನೇ ದಿಕ್ಕಿನ ದೊಡ್ಡ ಜಾಲರಿಯನ್ನು ಚಿಕ್ಕದರ ಮೇಲೆ ಚೂರೇ ಚೂರು ಓರೆ ಮಾಡುತ್ತಾರೆ. ಹಾಗಾಗಿ ಎರಡನೇ ಪಂಪಿನ ಕೋನ ಪರಮಾಣು ಮೊದಲ ದಿಕ್ಕಿನಲ್ಲಿ ಎಲ್ಲಿದೆ ಅನ್ನೋದರ ಮೇಲೆ ನಿಲ್ಲುತ್ತದೆ. ಆಮೇಲೆ ಮೊದಲ ಪಂಪನ್ನು ಮಾತ್ರ ಓಡಿಸುತ್ತಾರೆ. ಪರಮಾಣು ಮುಂದೆ ಸರಿದಂತೆ ಎರಡನೇ ಪಂಪ್ ತಾನಾಗೇ ಸ್ವಲ್ಪ ತಿರುಗುತ್ತದೆ. ಮೋಡ ಪಕ್ಕಕ್ಕೆ ಒಂಚೂರು ಜರುಗುತ್ತದೆ. ಆ ಪಕ್ಕದ ಜರುಗುವಿಕೆಯೇ ಎರಡನೇ ಚೆರ್ನ್ ಸಂಖ್ಯೆಯ ಗುರುತು.

ಅದೇ ವಾರ ಪೆನ್ಸಿಲ್ವೇನಿಯಾದ ಇನ್ನೊಂದು ಗುಂಪು ಇದೇ ಲೆಕ್ಕವನ್ನು ಗಾಜಿನೊಳಗೆ ಕೊರೆದ ಬೆಳಕಿನ ದಾರಿಗಳಲ್ಲಿ ತೋರಿಸಿತು. ಎರಡೂ ಬರಹ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದವು.

ಹಳೇಮೇಷ್ಟ್ರು · ಭಾನುವಾರ, ಸಂಜೆ 5.30

ಕಾಗದ ಪೆನ್ಸಿಲ್ ಹಿಡಿದು ಕೂತಿದ್ದೆ. ನಾಲ್ಕು ಅಕ್ಷದಲ್ಲಿ ಎರಡೆರಡನ್ನು ಆರಿಸಿದರೆ ಆರು ಸಮತಲ. ಮೂರು ಅಕ್ಷದಲ್ಲಾದರೆ ಮೂರೇ. ಮೂರು ಆಯಾಮದಲ್ಲಿ ಒಂದೇ ಬಿಂದುವಿನ ಮೂಲಕ ಹೋಗುವ ಯಾವ ಎರಡು ಸಮತಲ ತೆಗೆದುಕೊಂಡರೂ ಅವು ಒಂದು ಗೆರೆಯಲ್ಲಿ ಸೇರುತ್ತವೆ, ಗೋಡೆ ಮತ್ತು ನೆಲ ಮೂಲೆಯಲ್ಲಿ ಸೇರಿದ ಹಾಗೆ. ನಾಲ್ಕರಲ್ಲಿ ಹಾಗಲ್ಲ. ಒಂದನೇ ಎರಡನೇ ಅಕ್ಷದ ಸಮತಲ, ಮೂರನೇ ನಾಲ್ಕನೇ ಅಕ್ಷದ ಸಮತಲ. ಇವೆರಡೂ ಬರೀ ಒಂದು ಬಿಂದುವಿನಲ್ಲಿ ಮುಟ್ಟುತ್ತವೆ. ಅಂದರೆ ಎರಡರಲ್ಲೂ ಬೇರೆ ಬೇರೆ ಕಾಂತಕ್ಷೇತ್ರ ಇಡಬಹುದು, ಒಂದು ಇನ್ನೊಂದನ್ನು ಮುಟ್ಟದ ಹಾಗೆ. ನಿಮ್ಮ ಎರಡನೇ ಚೆರ್ನ್ ಸಂಖ್ಯೆ ಹುಟ್ಟುವುದು ಇಲ್ಲೇ ಅಂತ ನನ್ನ ಊಹೆ. ಸರಿಯಾ?

ಸರಿಯಾದರೆ ಇನ್ನೊಂದು ಮಾತು. ಮ್ಯೂನಿಕ್‌ನಲ್ಲಿ ಪರಮಾಣು ನಿಜವಾಗಿ ಓಡಾಡಿದ್ದು ಎರಡು ದಿಕ್ಕಿನಲ್ಲಿ. ಉಳಿದೆರಡು ಅವರು ಕೈಯಲ್ಲಿ ತಿರುಗಿಸಿದ ಗುಂಡಿ. ಗುಂಡಿಯನ್ನು ನಾನು ಆಯಾಮ ಅನ್ನಲಾರೆ. ಅದು ಬೇಡ ಅಂತ ಅಲ್ಲ. ಚೆಂದದ ಕೆಲಸ. ಆದರೆ ಹೆಸರು ಸರಿಯಾಗಿ ಇಡಬೇಕು.

ತುಂಗಾತೀರ · ಭಾನುವಾರ, ಸಂಜೆ 6.10

ಮೇಷ್ಟ್ರೇ, ನಿಮ್ಮ ಊಹೆ ಸರಿ. ಎರಡು ಆಯಾಮದಲ್ಲಿ ಒಂದು ವಿದ್ಯುತ್ ಕ್ಷೇತ್ರ ಕೊಟ್ಟರೆ ಪಕ್ಕಕ್ಕೆ ಹರಿವು ಬರುತ್ತದೆ. ನಾಲ್ಕರಲ್ಲಿ ಹೊಸ ಹರಿವು ಬರಬೇಕಾದರೆ ಒಂದು ಸಮತಲದಲ್ಲಿ ವಿದ್ಯುತ್ ಕ್ಷೇತ್ರ, ಅದನ್ನು ಒಂದು ಬಿಂದುವಿನಲ್ಲಷ್ಟೇ ಮುಟ್ಟುವ ಇನ್ನೊಂದು ಸಮತಲದಲ್ಲಿ ಚಿಕ್ಕ ಕಾಂತಕ್ಷೇತ್ರ, ಎರಡೂ ಬೇಕು. ಹರಿವು ಎರಡರ ಗುಣಾಕಾರ. ಒಂದನ್ನು ಸೊನ್ನೆ ಮಾಡಿದರೆ ಆ ಹರಿವೂ ಸೊನ್ನೆ. ಮ್ಯೂನಿಕ್‌ನ ಓರೆ ಜಾಲರಿ ಆ ಚಿಕ್ಕ ಕಾಂತಕ್ಷೇತ್ರದ ಕೆಲಸ ಮಾಡಿತು.

ಗುಂಡಿಯ ಮಾತೂ ಒಪ್ಪುತ್ತೇನೆ. ಕ್ಲಾಸಿನಲ್ಲಿ ಹಾಗೇ ಹೇಳುತ್ತೇನೆ. ನಾನು ಮೊದಲ ಬರಹದಲ್ಲಿ ಎರಡು ಪ್ರಯೋಗಗಳನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ತಪ್ಪು.

ಲೇಸರ್‌ಲ್ಯಾಬ್ · ಭಾನುವಾರ, ರಾತ್ರಿ 8.20

ನಾನೂ ಒಪ್ಪುತ್ತೇನೆ. ಅದಕ್ಕೇ 2024ರ ಪ್ಯಾರಿಸ್ ಪ್ರಯೋಗ ನನಗೆ ಅಷ್ಟು ದೊಡ್ಡದು. ಸಿಲ್ವೈನ್ ನಾಸಿಂಬೆನ್ ಅವರ ಗುಂಪಿನದು, ಸೈನ್ಸ್ ಪತ್ರಿಕೆಯಲ್ಲಿ ಬಂತು. ಅಲ್ಲಿ ಗುಂಡಿ ತಿರುಗಿಸಿ ಆಯಾಮ ಮಾಡಿಲ್ಲ. ಡಿಸ್ಪ್ರೋಸಿಯಮ್ ಪರಮಾಣು ಎರಡು ದಿಕ್ಕಿನಲ್ಲಿ ನಿಜವಾಗಿ ಓಡಾಡುತ್ತದೆ. ಉಳಿದೆರಡು ಅದರ ಸ್ಪಿನ್ನಿನ ಒಳಗೆ. ನಾಲ್ಕರಲ್ಲೂ ಪರಮಾಣು ತಾನೇ ಚಲಿಸುತ್ತದೆ.

ಅವರು ಮೂರು ವಿಷಯ ನೋಡಿದರು. ಒಂದು, ತುಂಗಾತೀರ ಸರ್ ಹೇಳಿದ ಆ ಗುಣಾಕಾರದ ಹರಿವು, ಅದೂ ಪೂರ್ಣಾಂಕಕ್ಕೆ ಕಟ್ಟುಬಿದ್ದದ್ದು. ಎರಡು, ಅಂಚು. ಎರಡು ಆಯಾಮದ ಹಾಲ್ ತುಂಡಿನಲ್ಲಿ ಅಂಚು ಅಂದರೆ ಗೆರೆ, ಅದರ ಉದ್ದಕ್ಕೂ ಕಣಗಳು ಒಂದೇ ಕಡೆಗೆ ಓಡುತ್ತವೆ. ನಾಲ್ಕು ಆಯಾಮದ ವಸ್ತುವಿನ ಅಂಚಿಗೆ ಮೂರು ಆಯಾಮ. ಅಲ್ಲಿ ಒಂದು ದಿಕ್ಕಿನಲ್ಲಿ ಒಮ್ಮುಖ ಓಟ, ಬೇರೆ ದಿಕ್ಕುಗಳಲ್ಲಿ ಬೇರೆ ನಡತೆ. ಮೂರು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್ ವೃತ್ತ ಹಾಕುತ್ತದೆ ಅಂತ ಪಿಯುನಲ್ಲೇ ಓದುತ್ತೇವೆ. ವೃತ್ತ ಒಂದು ಸಮತಲದಲ್ಲಿ ಇರುತ್ತದೆ. ಇಲ್ಲಿ ಪರಮಾಣು ಒಂದೇ ಬಿಂದುವಿನಲ್ಲಿ ಮುಟ್ಟುವ ಎರಡು ಸಮತಲಗಳಲ್ಲಿ ಒಟ್ಟಿಗೇ ಸುತ್ತಿತು. ಅದರ ದಾರಿ ಯಾವ ಒಂದು ಹಾಳೆಯ ಮೇಲೂ ಕೂರುವುದಿಲ್ಲ. ಮೇಷ್ಟ್ರು ಸಂಜೆ ಪೆನ್ಸಿಲ್‌ನಲ್ಲಿ ಹಾಕಿದ ಎರಡು ಸಮತಲ ಇವೇ.

ಅಡಿಕೆತೋಟ · ಭಾನುವಾರ, ರಾತ್ರಿ 8.45

ಇದನ್ನು ಓದಿ ಮೈ ಜುಂ ಅಂದಿತು. ಆದರೂ ಕೇಳುತ್ತೇನೆ, ಇದರಲ್ಲಿ ಕೊರತೆ ಏನೂ ಇಲ್ವಾ? ಇದರಿಂದ ಮುಂದೆ ಏನು?

ಲೇಸರ್‌ಲ್ಯಾಬ್ · ಭಾನುವಾರ, ರಾತ್ರಿ 9.15

ಇದೆ ಅಣ್ಣಾ, ದೊಡ್ಡದೇ ಇದೆ. ನಿಜವಾದ ದಿಕ್ಕಿನಲ್ಲಿ ದೂರ ಇರುವ ಎರಡು ಪರಮಾಣು ಒಂದಕ್ಕೊಂದು ತಾಗುವುದಿಲ್ಲ. ಸ್ಪಿನ್ ಮೆಟ್ಟಿಲಿನಲ್ಲಿ ಹಾಗಲ್ಲ. ಒಂದನೇ ಮೆಟ್ಟಿಲಿನ ಪರಮಾಣುವೂ ಹದಿನೇಳನೇ ಮೆಟ್ಟಿಲಿನ ಪರಮಾಣುವೂ ಅದೇ ಜಾಗದಲ್ಲಿ ಇರಬಹುದು, ಡಿಕ್ಕಿ ಹೊಡೆಯಬಹುದು. ಕೃತಕ ಆಯಾಮದಲ್ಲಿ ಎಲ್ಲರೂ ಎಲ್ಲರಿಗೂ ನೆರೆಯವರು ಆಗಿಬಿಡುತ್ತಾರೆ. ಒಂದೊಂದೇ ಪರಮಾಣುವಿನ ಓಡಾಟ ನೋಡುವವರೆಗೆ ಇದು ತೊಂದರೆ ಕೊಡದು. ಪರಮಾಣುಗಳು ಒಂದನ್ನೊಂದು ತಳ್ಳಾಡುವ ನಾಲ್ಕು ಆಯಾಮದ ದ್ರವ ಮಾಡಬೇಕು ಅಂದರೆ ಇದನ್ನು ಗೆಲ್ಲಬೇಕು. ಎಷ್ಟೋ ಜನ ಈಗ ತಲೆ ಕೆಡಿಸಿಕೊಂಡಿರುವುದು ಅದಕ್ಕೇ, ನಾನೂ ಸೇರಿ.

ಉಪಯೋಗ ಕೇಳಿದಿರಿ. ಮೂರು ಆಯಾಮದ ಟೊಪಾಲಜಿಕಲ್ ಇನ್ಸುಲೇಟರ್ ಅಂತ ಹರಳುಗಳಿವೆ, ಬಿಸ್ಮತ್ ಸೆಲೆನೈಡ್ ಥರದವು. ಒಳಗೆ ಕರೆಂಟ್ ಹರಿಯದು, ಮೈ ಮೇಲೆ ಹರಿಯುತ್ತದೆ. ಜಾಂಗ್ ಮತ್ತು ಇಬ್ಬರು ಜೊತೆಗಾರರು 2008ರಲ್ಲಿ ತೋರಿಸಿದ್ದೇನೆಂದರೆ, ಈ ಹರಳುಗಳ ಲೆಕ್ಕವನ್ನು ನಾಲ್ಕು ಆಯಾಮದ ಹಾಲ್ ಪರಿಣಾಮದಿಂದ ಒಂದು ಆಯಾಮ ಕಳೆದು ಪಡೆಯಬಹುದು. ಕೈಯಲ್ಲಿ ಹಿಡಿಯಬಹುದಾದ ಹರಳಿನ ಮೂಲ ಲೆಕ್ಕ ನಾಲ್ಕು ಆಯಾಮದಲ್ಲಿದೆ. ಮೂಲವನ್ನೇ ನೋಡಬೇಕು ಅನ್ನೋದು ನನಗೆ ಸಾಕಷ್ಟು ದೊಡ್ಡ ಕಾರಣ.

ಚುಕ್ಕಿರಂಗೋಲಿ · ಭಾನುವಾರ, ರಾತ್ರಿ 9.30

ಇಂಥ ಕೆಲಸ ನಮ್ಮಲ್ಲೂ ಕಲಿಯಬಹುದಾ? ಮಗಳು ಬಿಎಸ್‌ಸಿ ಎರಡನೇ ವರ್ಷ.

ತುಂಗಾತೀರ · ಭಾನುವಾರ, ರಾತ್ರಿ 9.42

ಖಂಡಿತ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸೋಡಿಯಮ್, ಪೊಟ್ಯಾಸಿಯಮ್ ಪರಮಾಣುಗಳನ್ನು ಲೇಸರ್‌ನಿಂದ ತಣ್ಣಗೆ ಮಾಡುವ ಪ್ರಯೋಗಾಲಯ ಇದೆ. ಈ ನಾಲ್ಕು ಆಯಾಮದ ಕೆಲಸ ಬೇರೆ. ಆದರೆ ಕನ್ನಡಿ ಹೊಂದಿಸುವುದು, ನಿರ್ವಾತ ಕಾಯುವುದು, ಲೇಸರನ್ನು ಒಂದೇ ಬಣ್ಣದಲ್ಲಿ ಹಿಡಿದಿಡುವುದು, ಈ ಕೈಕೆಲಸ ಎಲ್ಲ ಕಡೆಯೂ ಒಂದೇ. ಮಗಳಿಗೆ ಕ್ವಾಂಟಮ್ ಜೊತೆ ದೃಗ್ವಿಜ್ಞಾನವನ್ನೂ ಗಟ್ಟಿ ಮಾಡಿಕೊಳ್ಳಲು ಹೇಳಿ.

ಹಳೇಮೇಷ್ಟ್ರು · ಭಾನುವಾರ, ರಾತ್ರಿ 9.55

ಕೊನೇ ಪ್ರಶ್ನೆ. ಉದ್ದ ಅಗಲದಲ್ಲಿ ಪರಮಾಣು ಎಲ್ಲಿದೆ ಅಂತ ಫೋಟೋ ತೆಗೆಯಬಹುದು. ಸ್ಪಿನ್ ಮೆಟ್ಟಿಲಿನಲ್ಲಿ ಎಲ್ಲಿದೆ ಅಂತ ಹೇಗೆ ನೋಡುತ್ತಾರೆ? ಆ ಹುಡುಗಿ ನಾಳೆ ಕೇಳದೆ ಬಿಡುವುದಿಲ್ಲ.

ಲೇಸರ್‌ಲ್ಯಾಬ್ · ಭಾನುವಾರ, ರಾತ್ರಿ 10.20

ಮೇಷ್ಟ್ರೇ, ಇದಕ್ಕೆ ನೂರು ವರ್ಷದ ಹಿಂದಿನ ಉಪಾಯ ಸಾಕು. 1922ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಸ್ಟರ್ನ್ ಮತ್ತು ಗೆರ್ಲಾಖ್ ಬೆಳ್ಳಿಯ ಪರಮಾಣುಗಳನ್ನು ಏರುಪೇರಿನ ಕಾಂತಕ್ಷೇತ್ರದ ಮೂಲಕ ಹಾಯಿಸಿದರು. ಕಿರಣ ಎರಡಾಗಿ ಸೀಳಿತು. ಈಗಲೂ ಅದನ್ನೇ ಮಾಡುತ್ತಾರೆ. ಪ್ರಯೋಗದ ಕೊನೆಗೆ ಲೇಸರ್ ಎಲ್ಲ ಆರಿಸಿ ಮೋಡವನ್ನು ಕೆಳಗೆ ಬೀಳಲು ಬಿಡುತ್ತಾರೆ. ಬೀಳುವಾಗ ಅಂಥ ಕಾಂತಕ್ಷೇತ್ರ ಕೊಡುತ್ತಾರೆ. ಒಂದೊಂದು ಮೆಟ್ಟಿಲಿನ ಪರಮಾಣುಗಳೂ ಒಂದೊಂದು ಅಳತೆಗೆ ಪಕ್ಕಕ್ಕೆ ಸರಿಯುತ್ತವೆ. ಆಗ ಒಂದು ಫೋಟೋ.

ಬೆಳ್ಳಿಗೆ ಎರಡು ಗುರುತು ಬಂದಿತ್ತು. ಡಿಸ್ಪ್ರೋಸಿಯಮ್‌ಗೆ ಸಾಲಾಗಿ 17 ಜಾಗ. ಯಾವ ಚುಕ್ಕಿ ದಟ್ಟವಾಗಿದೆಯೋ ಪರಮಾಣುಗಳು ಹೆಚ್ಚಾಗಿ ಆ ಮೆಟ್ಟಿಲಿನಲ್ಲಿದ್ದವು. ಲೇಸರ್ ಸ್ವಲ್ಪ ಹೊತ್ತು ಜಾಸ್ತಿ ಬಿಟ್ಟು ಮತ್ತೆ ಫೋಟೋ ತೆಗೆದರೆ ದಟ್ಟ ಚುಕ್ಕಿ ಪಕ್ಕದ ಜಾಗಕ್ಕೆ ಹೋಗಿರುತ್ತದೆ.

ತುಂಗಾತೀರ · ಭಾನುವಾರ, ರಾತ್ರಿ 10.31

ನಾಳೆ ಬೋರ್ಡಿನ ಮೇಲೆ ಮೊದಲು ಆ 17 ಚುಕ್ಕಿಗಳನ್ನೇ ಇಡುತ್ತೇನೆ. ಆಮೇಲೆ ಬೆಲ್ ಆಗುವ ಮುಂಚೆ ಮೇಷ್ಟ್ರ ಎರಡು ಸಮತಲ.